ಹಠಾತ್ತನೆ ಹಿಡಿಯುವ ದಿಗಿಲು

ಸಾಸವಡದಿಂದ ಪುಣೆಗೆ ಹೋಗುವ ಬಸ್ಸು ದಿವೇ ಘಾಟದಲ್ಲಿ ಕಿಕ್ಕಿರಿದಿರುವಾಗ, ನಮ್ಮಲ್ಲಿ ಕೆಲವರಿಗೆ ಒಮ್ಮೆಲೇ ಎದೆ ಡವಗುಟ್ಟಿ, ಬೆವರು ಬಂದು, ಪ್ರಾಣವೇ ಹೋಯಿತೆನ್ನಿಸುವುದುಂಟು. ಮೊದಲ ಸಲವಾದರೆ, ಇಲ್ಲವೆ ಎದೆನೋವಿದ್ದರೆ, ಕೂಡಲೇ ವೈದ್ಯರಿಗೆ ತೋರಿಸಬೇಕು. ಹೃದ್ರೋಗವಲ್ಲವೆಂದು ನಾವೇ ತೀರ್ಮಾನಿಸತಕ್ಕದ್ದಲ್ಲ. ಹೃದಯ ಸರಿಯಿದೆಯೆಂದು ಅವರು ಹೇಳಿದ ಮೇಲೆ, ಅದು ಪ್ಯಾನಿಕ್ ಎಂಬ ದಿಗಿಲಾಗಿರಬಹುದು.

ಅಪಾಯವಿಲ್ಲದಾಗಲೂ ಶರೀರವು ಅಪಾಯದ ಗಂಟೆ ಬಾರಿಸುವುದು. ಉಸಿರು ಬಿರುಸಾಗಿ, ರಕ್ತದಲ್ಲಿಯ ಇಂಗಾಲಾಮ್ಲ ವಾಯು ಕಡಿಮೆಯಾಗುವುದರಿಂದ ತಲೆ ತಿರುಗಿ ಬೆರಳು ಜುಮ್ಮೆನ್ನುವುದು. ಸಾಮಾನ್ಯವಾಗಿ 10 ನಿಮಿಷದೊಳಗೆ ಏರಿ, ತಾನಾಗಿಯೇ ಇಳಿಯುವುದು. ಮೂಗಿನಿಂದ ಮೆಲ್ಲನೆ ಉಸಿರೆಳೆದು, ಇನ್ನೂ ಮೆಲ್ಲನೆ ಬಿಡುತ್ತ ಕುಳಿತಲ್ಲೇ ಇರಬೇಕು. ಕಾಗದದ ಚೀಲದಲ್ಲಿ ಉಸಿರಾಡಿಸುವ ಹಳೆಯ ಪದ್ಧತಿ ಬೇಡ. ಹೃದ್ರೋಗಿಗೂ ಉಬ್ಬಸದವನಿಗೂ ಅದು ಅಪಾಯ. ಚಪ್ಪಲಿ ಮೂಸಿಸುವುದಂತೂ ಬೇಡವೇ ಬೇಡ.

ನಿಜವಾದ ನಷ್ಟ ಆಮೇಲಿನದು. ಮತ್ತೆ ಬಂದೀತೆಂದು ಬಸ್ಸು ಬಿಡುತ್ತೇವೆ, ಪಾಳಿ ತಪ್ಪಿಸುತ್ತೇವೆ. ಪಗಾರವೂ ಹೋಯಿತು, ಭಯವೂ ಬಲಿಯಿತು. ಜೊತೆಗಾರನೊಡನೆ ಮೊದಲು ಒಂದೇ ಸ್ಟಾಪು, ಬಳಿಕ ಎರಡು, ಹೀಗೆ ರೂಢಿಸಿಕೊಳ್ಳಬೇಕು. ಮೇಲಿಂದ ಮೇಲೆ ಬರುತ್ತಿದ್ದರೆ ಚಿಕಿತ್ಸೆಯುಂಟು. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಹಗಲಿರುಳೂ ಉಚಿತವಾಗಿ ಫೋನು ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಸಂಕೋಚವಾದರೆ ಸಂಜೆ ವಾಚನಾಲಯಕ್ಕೆ ಬನ್ನಿರಿ, ನಾವೇ ಫೋನು ಹಚ್ಚಿಕೊಡುವೆವು.