ನೋವು ನಿಂತಿತು ಅಂದರೆ

ಮುಂಬೈಯ ಬೊರಿವಲಿ ಪೂರ್ವದಲ್ಲಿ, ನ್ಯಾಷನಲ್ ಪಾರ್ಕಿನ ಗೇಟಿನಿಂದ ಹತ್ತು ನಿಮಿಷ ನಡೆದರೆ ನನ್ನ ದವಾಖಾನೆ. ಇಲ್ಲಿ ಕೂತು ನೋಡಿದ್ದೆಲ್ಲ ಮಲೇರಿಯಾ, ಡೆಂಗಿ, ಮಳೆಗಾಲದ ಇಲಿಜ್ವರ. ಇಂಥವನು ಉತ್ತರಧ್ರುವದ ಚಳಿಯ ಬಗ್ಗೆ ಬರೆಯಲು ಎರಡು ಕಾರಣ. ನಮ್ಮ ಬಿಲ್ಡಿಂಗುಗಳ ಎಷ್ಟೋ ಮಕ್ಕಳು ಈಗ ಶಿಕಾಗೊ, ಟೊರಾಂಟೊ, ಮಿನಿಯಾಪೊಲಿಸ್‌ಗಳಲ್ಲಿದ್ದಾರೆ. ಸೊಸೆಯ, ಮಗಳ ಬಾಣಂತನಕ್ಕೆ ಹೊರಟವರು ಆರು ತಿಂಗಳ ಮಾತ್ರೆ ಬರೆಸಿಕೊಳ್ಳಲು ಬರುತ್ತಾರೆ. ಎರಡನೆಯದು, 2019ರ ಜನವರಿಯಲ್ಲಿ ನಾನೇ ಶಿಕಾಗೊದಲ್ಲಿ ಮಗಳ ಮನೆಯಲ್ಲಿದ್ದೆ.

1. ಮುಂಬೈಯ ಚಳಿಯನ್ನು ಅಳತೆಗೋಲು ಮಾಡಿಕೊಂಡು ವಿಮಾನ ಹತ್ತಬೇಡಿ.

ಸಾಂತಾಕ್ರೂಜ್ ಹವಾಮಾನ ಕೇಂದ್ರದ ಈವರೆಗಿನ ಕನಿಷ್ಠ ತಾಪಮಾನ 7.4 ಡಿಗ್ರಿ, 1962ರ ಜನವರಿ 22ರದ್ದು. ಕರಾವಳಿಯಲ್ಲಿ ಕನಿಷ್ಠ ತಾಪಮಾನ 15ಕ್ಕೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನೇ ಶೀತಗಾಳಿ ಎನ್ನಬಹುದು. ಅಮೆರಿಕ, ಕೆನಡಾದವರು ಬಳಸುವ ವಿಂಡ್ ಚಿಲ್ (ಗಾಳಿ ಸೇರಿದಾಗ ಮೈಗೆ ತಟ್ಟುವ ಚಳಿ) ಲೆಕ್ಕ ಶುರುವಾಗುವುದೇ 10 ಡಿಗ್ರಿಯಿಂದ ಕೆಳಗೆ. ನಮ್ಮ ಜನವರಿಯ ಬೆಳಗುಗಳು ಆ ಲೆಕ್ಕದ ಹೊಸ್ತಿಲಿಗೂ ಸಾಮಾನ್ಯವಾಗಿ ತಲುಪುವುದಿಲ್ಲ. ಆದರೂ ನ್ಯಾಷನಲ್ ಪಾರ್ಕಿನಲ್ಲಿ ವಾಕಿಂಗ್ ಬರುವ ಹಿರಿಯರು ಡಿಸೆಂಬರಿಗೇ ಮಂಕಿ ಟೋಪಿ ತೆಗೆಯುತ್ತಾರೆ. ನಗಬೇಡಿ, ಆ ಟೋಪಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

2. ಡಿಗ್ರಿಯ ಜೊತೆಗೆ ಗಾಳಿಯನ್ನೂ ಕೇಳಿ.

ಇದು ವಿರಾರ್ ಲೋಕಲ್ಲಿನ ಬಾಗಿಲಲ್ಲಿ ನಿಂತವರಿಗೆಲ್ಲ ಗೊತ್ತು. ಬೊರಿವಲಿ ಪ್ಲಾಟ್‌ಫಾರ್ಮಿನಲ್ಲಿ ಹಿತವಾಗಿದ್ದ ಬೆಳಗು, ಗಾಡಿ ವಸಯಿ ಖಾಡಿಯ ಸೇತುವೆ ಹತ್ತಿದಾಗ ಮೂಗು ಸೋರಿಸುತ್ತದೆ. ಚರ್ಮದ ಮೇಲೆ ಮೈ ತಾನೇ ಬಿಸಿ ಮಾಡಿಕೊಂಡ ಗಾಳಿಯ ತೆಳು ಪದರವಿರುತ್ತದೆ. ಬೀಸುಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ, ಮೈ ಮತ್ತೆ ಬಿಸಿ ಮಾಡುತ್ತದೆ, ಗಾಳಿ ಮತ್ತೆ ಕಿತ್ತುಕೊಳ್ಳುತ್ತದೆ. 1940ರ ದಶಕದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕಾದಲ್ಲಿ ಸಣ್ಣದೊಂದು ಪ್ಲಾಸ್ಟಿಕ್ ಕೊಳವೆಯ ನೀರು ಗಾಳಿಗೆ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ನೋಡಿ ಈ ಲೆಕ್ಕಕ್ಕೆ ಬುನಾದಿ ಹಾಕಿದರು. ಈಗಿನ ಸೂತ್ರ 2001ರದ್ದು. ಅದರ ಪ್ರಕಾರ ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಮುಖಕ್ಕೆ ಅದು ಮೈನಸ್ 33.

ನಾನಿದ್ದಾಗ, ಜನವರಿ 30ರ ಬೆಳಿಗ್ಗೆ, ಶಿಕಾಗೊ ವಿಮಾನ ನಿಲ್ದಾಣದಲ್ಲಿ ಸುಮಾರು ಮೈನಸ್ 31 ಡಿಗ್ರಿ. ವಿಂಡ್ ಚಿಲ್ ಮೈನಸ್ 47. ಧ್ರುವದ ಮೇಲೆ ಸುತ್ತುತ್ತಿರಬೇಕಾದ ಶೀತಸುಳಿ ಆ ತಿಂಗಳ ಆರಂಭದಲ್ಲಿ ಒಡೆದುಹೋಗಿತ್ತು, ಅದರ ಚಳಿ ದಕ್ಷಿಣಕ್ಕೆ ಜಾರಿತ್ತು. ಅಂಚೆಯವರು ಟಪಾಲು ಹಂಚುವುದನ್ನೇ ನಿಲ್ಲಿಸಿದರು. ಲೋಕಲ್ ರೈಲಿನ ಹಳಿ ಬದಲಿಸುವ ಪಾಯಿಂಟುಗಳು ಹೆಪ್ಪುಗಟ್ಟದಿರಲೆಂದು ಅಲ್ಲಲ್ಲಿ ಗ್ಯಾಸಿನ ಉರಿ ಹಚ್ಚಿದ್ದರು. ಮಳೆಗೆ ಪಾಯಿಂಟ್ ಫೇಲಾಗಿ ದಹಿಸರ್‌ನಲ್ಲಿ ಗಂಟೆಗಟ್ಟಲೆ ನಿಂತವನಿಗೆ, ಹಳಿಗೆ ಬೆಂಕಿಯಿಟ್ಟು ರೈಲು ಓಡಿಸುವುದನ್ನು ಟಿ.ವಿ.ಯಲ್ಲಿ ನೋಡಿ ಕಣ್ಣನ್ನೇ ನಂಬಲಾಗಲಿಲ್ಲ.

3. ನೋವು ನಿಂತಾಗ ಹೆದರಿ.

ವೈದ್ಯನಾಗಿ ಜೀವಮಾನವಿಡೀ ಕೇಳಿದ ಪ್ರಶ್ನೆ “ನೋವು ಕಮ್ಮಿ ಆಯಿತಾ?” ಎಂಬುದು. ಆಯಿತು ಅಂದರೆ ಸಮಾಧಾನ. ಚಳಿಯಲ್ಲಿ ಈ ಸಮಾಧಾನವೇ ಮೋಸ.

ಆ ವಾರದ ಒಂದು ಬೆಳಿಗ್ಗೆ “ಕಸ ಹಾಕಿ ಬರ್ತೇನೆ, ಎರಡೇ ನಿಮಿಷ” ಎಂದು ಕೋಟು ತೊಟ್ಟು, ಕಿವಿ ಮುಚ್ಚದೆ ಹೊರಬಿದ್ದೆ. ಪಕ್ಕದ ಮನೆಯವರು ಮಾತಿಗೆ ಸಿಕ್ಕರು. ಮೊದಲು ಕಿವಿಗೆ ಸೂಜಿ ಚುಚ್ಚಿದಂತಾಯಿತು, ಆಮೇಲೆ ಉರಿ, ಆಮೇಲೆ ಏನೂ ಇಲ್ಲ. ಅಭ್ಯಾಸವಾಯಿತು ಅಂದುಕೊಂಡೆ, ಸ್ವಲ್ಪ ಜಂಬವೂ ಬಂತು. ಒಳಗೆ ಬಂದಾಗ ಮಗಳು ನೋಡಿ, “ಅಪ್ಪಾ, ನಿಮ್ಮ ಕಿವಿ ಮೇಣದ ಹಾಗೆ ಬೆಳ್ಳಗಾಗಿದೆ” ಅಂದಳು. ನನ್ನ ಕೈ ಹೋದದ್ದು ತೆಂಗಿನೆಣ್ಣೆ ಬಾಟಲಿಗೆ. ತಿಕ್ಕಿದರೆ ರಕ್ತ ಓಡುತ್ತದೆ ಎಂಬುದು ಅಜ್ಜಿಯ ಕಾಲದ ಬುದ್ಧಿ. ಅವಳು ಕೈ ಹಿಡಿದಳು. ಹೆಪ್ಪುಗಟ್ಟುತ್ತಿರುವ ಚರ್ಮವನ್ನು ತಿಕ್ಕಿದರೆ ಒಳಗಿನ ಮಂಜಿನ ಹರಳುಗಳು ಜೀವಕೋಶಗಳನ್ನು ಹರಿಯುತ್ತವೆ. ಪುಸ್ತಕದಲ್ಲಿ ಓದಿ ಪಾಸಾದವನು ನಾನು, ನೆನಪಿಟ್ಟುಕೊಂಡವಳು ಅವಳು. ಅಂಗೈಯನ್ನು ಕಿವಿಗೆ ಒತ್ತಿ ಕೂತೆ. ಕಾಲು ಗಂಟೆಯ ಮೇಲೆ ಇರುವೆ ಮುತ್ತಿದಂಥ ಉರಿ ಮರಳಿತು; ಆ ಉರಿಯಷ್ಟು ಒಳ್ಳೆಯ ಸುದ್ದಿ ಬೇರೆ ಇರಲಿಲ್ಲ.

ಮೈನಸ್ 40ರ ಆಚೆಯ ವಿಂಡ್ ಚಿಲ್‌ನಲ್ಲಿ ತೆರೆದ ಚರ್ಮ ಹೆಪ್ಪುಗಟ್ಟಲು ಐದು ಹತ್ತು ನಿಮಿಷ ಸಾಕು. ಬೆರಳಿಗೆ ಹಾಗಾದರೆ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರು. ನೀರಿನ ಬಿಸಿಯನ್ನು ಬೇರೆಯವರು ಮೊಣಕೈ ಅದ್ದಿ ನೋಡಲಿ, ಮರಗಟ್ಟಿದ ಕೈಗೆ ಸುಟ್ಟರೂ ತಿಳಿಯದು. ಒಲೆಗೆ, ಹೀಟರಿಗೆ ಹಿಡಿಯುವಂತಿಲ್ಲ. ಮತ್ತೆ ಹೊರಗೆ ಚಳಿಗೆ ಹೋಗಲೇಬೇಕಿದ್ದರೆ ಕರಗಿಸುವುದೇ ಬೇಡ. ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಉಳಿಯುವುದು ಕಷ್ಟ.

ನಡುಕಕ್ಕೂ ಇದೇ ಮಾತು. ನಡುಗುತ್ತಿದ್ದವರು ನಡುಗುವುದು ಬಿಟ್ಟು, ತೊದಲಿ, ಎಡವಿ, ತೂಕಡಿಸತೊಡಗಿದರೆ ಮೈಯೊಳಗಿನ ಬಿಸಿ 35ಕ್ಕಿಂತ ಬಹಳ ಕೆಳಗಿಳಿದಿದೆ ಎಂದು ತಿಳಿದು ಆಂಬುಲೆನ್ಸ್ ಕರೆಯಿರಿ. ಜ್ವರ ನೋಡುವ ಹಳೆಯ ಪಾದರಸದ ಥರ್ಮಾಮೀಟರನ್ನು ನಂಬಬೇಡಿ, ಅದರ ಗೆರೆಗಳು ಸಾಮಾನ್ಯವಾಗಿ 35ರ ಆಸುಪಾಸಿನಲ್ಲೇ ಶುರು.

4. ಸಕ್ಕರೆ ಕಾಯಿಲೆಯ ಪಾದಕ್ಕೆ ಆ ಮೊದಲ ನೋವೂ ಇರದೆ ಹೋಗಬಹುದು.

ಅಂಥವರು ಹೊರಗಿಂದ ಬಂದ ಕೂಡಲೇ ಬೆಳಕಿನಲ್ಲಿ ಕೂತು ಹತ್ತೂ ಬೆರಳು ನೋಡಿಕೊಳ್ಳಬೇಕು. ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಸಾಕ್ಸ್ ತುರುಕುವುದು ಬೇಡ. ರಕ್ತ ಓಡದ ಕಾಲು ಬೇಗ ತಣ್ಣಗಾಗುತ್ತದೆ.

5. ದಪ್ಪನೆಯ ಒಂದು ಸ್ವೆಟರಿಗಿಂತ ತೆಳುವಾದ ಮೂರು ಪದರ ಮೇಲು.

ಒಳಗೆ ಹತ್ತಿಯ ಬನಿಯನ್ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಹೊರಗಿನದು ಗಾಳಿ ತಡೆಯುವಂತಿರಲಿ. ತಲೆಸ್ನಾನ ಮಾಡಿ ಹಸಿ ಕೂದಲಲ್ಲಿ ಹೊರಬೀಳುವ ನಮ್ಮ ಹೆಂಗಸರಿಗೆ ಒದ್ದೆ ಬೇಡ ಎಂಬ ಮಾತನ್ನು ಎರಡು ಸಲ ಹೇಳುತ್ತೇನೆ. ಓಲೆ, ಮೂಗುತಿ, ಕನ್ನಡಕದ ಲೋಹದ ಕಡ್ಡಿಗಳು ಚರ್ಮದ ಬಿಸಿಯನ್ನು ಹೀರುತ್ತವೆ. ಇನ್ನು ಮಂಕಿ ಟೋಪಿ: ಕಿವಿ, ಗಲ್ಲ, ಕುತ್ತಿಗೆ ಮೂರನ್ನೂ ಒಟ್ಟಿಗೆ ಮುಚ್ಚುವ ಇಂಥ ಸರಳ ವಸ್ತುವನ್ನು ಲೇವಡಿ ಮಾಡುವವರ ಕಿವಿ ನೋಡಬೇಕು.

6. ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಎಂಬುದು ಸುಳ್ಳು.

ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಹೊರಗೆ ಹೋಗುತ್ತದೆ. ಬೆಚ್ಚಗಾಗುವುದು ಚರ್ಮ, ತಣ್ಣಗಾಗುವುದು ಒಳಗಿನ ಜೀವ.

7. ಬೊರಿವಲಿಯಲ್ಲಿ ಚಳಿಗಿಂತ ಶೇಕೋಟಿಯ, ಅಂದರೆ ಮೈ ಕಾಯಿಸುವ ಬೆಂಕಿಯ, ಭಯ ಹೆಚ್ಚು.

ಒಂದು ಡಿಸೆಂಬರಿನ ಬೆಳಿಗ್ಗೆ ಇಬ್ಬರು ವಾಚ್‌ಮನ್‌ಗಳು ತಲೆನೋವು, ವಾಂತಿ ಎಂದು ಬಂದರು. ರಾತ್ರಿ ಏನು ತಿಂದಿರಿ ಎಂದು ಕೇಳಿ ಹೊಟ್ಟೆಯ ಮಾತ್ರೆ ಕೊಟ್ಟೆ. ಬಾಗಿಲು ದಾಟುವಾಗ ಒಬ್ಬ “ಹೊರಗೆ ಬಂದ ಮೇಲೆ ಹಗುರ ಅನಿಸ್ತಿದೆ” ಎಂದ. ಆಗ ಹೊಳೆಯಿತು. ಗಾಳಿಯಾಡದ ಕ್ಯಾಬಿನ್ನಿನೊಳಗೆ ತಗಡಿನ ಡಬ್ಬದಲ್ಲಿ ಇದ್ದಿಲು ಉರಿಸಿ ಮಲಗಿದ್ದರು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಬ್ಬರನ್ನೂ ಆಮ್ಲಜನಕ ಕೊಡುವ ಆಸ್ಪತ್ರೆಗೆ ಕಳಿಸಿದೆ. ಅವನು ಆ ಮಾತು ಆಡದಿದ್ದರೆ ಮರುರಾತ್ರಿಯೂ ಡಬ್ಬ ಹೊತ್ತಿಸುತ್ತಿದ್ದರು. ಇದೇ ಅನಿಲ ಅಮೆರಿಕದಂಥ ಚಳಿನಾಡಿನಲ್ಲಿ, ಹಿಮದಲ್ಲಿ ಹೂತ ಕಾರಿನಲ್ಲಿ ಕೊಲ್ಲುತ್ತದೆ: ಹೊಗೆಕೊಳವೆ ಮುಚ್ಚಿದ್ದು ನೋಡದೆ ಹೀಟರ್‌ಗೆಂದು ಎಂಜಿನ್ ಹಚ್ಚಿ ಕೂತವರನ್ನು.

8. ತಣ್ಣಗಾದವರನ್ನು ಸತ್ತರೆಂದು ಬೇಗ ತೀರ್ಮಾನಿಸಬೇಡಿ.

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಹಿಮಪಾತದಲ್ಲಿ ಹೂತುಹೋಗಿ, ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿದ್ದರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೂರು ದಿನ ದವಾಖಾನೆಗೆ ಬಂದ ಕನ್ನಡದವರೆಲ್ಲ ತಮ್ಮ ಕಾಯಿಲೆಗಿಂತ ಮೊದಲು ಅವರ ಸುದ್ದಿ ಕೇಳಿದರು. ತೀರಾ ತಣ್ಣಗಾದ ಮೈಯಲ್ಲಿ ನಾಡಿ ಬೆರಳಿಗೆ ಸಿಗದಷ್ಟು ಮೆಲ್ಲಗೆ ಇರಬಹುದು. ಎತ್ತುವಾಗ ಕುಲುಕಬಾರದು, ಹೃದಯದ ಲಯ ತಪ್ಪುತ್ತದೆ.

9. ಟೋಪಿ ಯಾವ ಚೀಲದಲ್ಲಿದೆ ಎಂದು ಕೇಳಿ.

ಮೊನ್ನೆ ಮಿನಿಯಾಪೊಲಿಸ್‌ಗೆ ಹೊರಟ ಶೆಟ್ಟರ ಹೆಂಡತಿ ಬಂದಿದ್ದರು. ಬಿ.ಪಿ. ನೋಡಿ, ಮಾತ್ರೆ ಬರೆದು, ಟೋಪಿ, ಕೈಗವಸು ಎಲ್ಲಿಟ್ಟಿದ್ದೀರಿ ಎಂದೆ. “ದೊಡ್ಡ ಬ್ಯಾಗಿನಲ್ಲಿ ಡಾಕ್ಟ್ರೇ, ಹಪ್ಪಳದ ಕೆಳಗೆ.” ದೊಡ್ಡ ಬ್ಯಾಗು ಒಂದು ವಿಮಾನ ತಪ್ಪಿದರೆ ಮರುದಿನ ಬರುತ್ತದೆ, ಏರ್‌ಪೋರ್ಟಿನ ಬಾಗಿಲಿನಿಂದ ಮಗನ ಕಾರಿನವರೆಗಿನ ದಾರಿ ಅಷ್ಟು ಕಾಯುವುದಿಲ್ಲ. ಕೈಚೀಲಕ್ಕೆ ಹಾಕಿಕೊಳ್ಳಿ ಅಂದೆ. “ಅದರಲ್ಲಿ ಜಾಗ ಇಲ್ಲ, ಮೊಮ್ಮಗುವಿನ ಬೆಳ್ಳಿ ಗೆಜ್ಜೆ ಇದೆ” ಅಂದರು. ಕೊನೆಗೆ ಟೋಪಿಯೊಳಗೇ ಗೆಜ್ಜೆ ಸುತ್ತಿಟ್ಟುಕೊಳ್ಳುವುದೆಂದಾಯಿತು.