ಎಲೆಯಿಂದ ಮೊಳೆಯುವ ಕಾಡುಬಸಳೆ

ಕಾಡುಬಸಳೆಯನ್ನು ಊರಿನಲ್ಲಿ ನೋಡದವರು ಕಡಮೆ. ಮಲೆಯಾಳಿಗಳು ಇದನ್ನೇ ‘ಇಲಮುಳಚ್ಚಿ’ ಎನ್ನುತ್ತಾರೆ. ‘ಇಲ’ ನಮ್ಮ ಎಲೆ. ‘ಮುಳ’ ನಮ್ಮ ಮೊಳಕೆ. ನಮ್ಮ ನುಡಿಗೂ ಅವರ ನುಡಿಗೂ ಇರುವ ನಂಟು ಈ ಒಂದು ಹೆಸರಿನಲ್ಲೇ ಕಾಣುತ್ತದೆ. ಗಿಡದ ತವರು ಮಾತ್ರ ದೂರದ ಮಡಗಾಸ್ಕರ್ ದ್ವೀಪ. ದಪ್ಪನೆಯ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ ಜಾತಿ ಇದು. ಚಳಿಗಾಲದ ತಿಂಗಳುಗಳಲ್ಲಿ ಉದ್ದನೆಯ ದಂಟಿನ ತುದಿಗೆ ಚಿಕ್ಕ ಗಂಟೆಗಳಂತೆ ಹೂಗಳು ಜೋತುಬೀಳುತ್ತವೆ. ಕಿಟಕಿಯ ಬಳಿ ಒಂದು ಕುಂಡಕ್ಕೆ ಸ್ಥಳವಿದ್ದರೆ ಬಾಡಿಗೆಯ ಕೋಣೆಯಲ್ಲಿಯೂ ಬೆಳೆಸಬಹುದು.

ಬೀಜ ಬೇಕಿಲ್ಲ, ಹಣವೂ ಬೇಕಿಲ್ಲ. ಬಲಿತ ಎಲೆಯೊಂದನ್ನು ಕಿತ್ತು ತೇವದ ಮರಳಿನ ಮೇಲೆ ಮಲಗಿಸಿರಿ. ಎಲೆಯಂಚಿನ ಕಚ್ಚುಗಳಲ್ಲಿ ಬೇರೂ ಚಿಗುರೂ ಹೊರಟು, ಒಂದೊಂದು ಕಚ್ಚಿಗೂ ಒಂದೊಂದು ಮರಿಗಿಡ ಕಾಣಿಸಿಕೊಳ್ಳುತ್ತದೆ. ಕೊಚ್ಚಿಯಿಂದ ತಿರುವನಂತಪುರಕ್ಕೆ ವರ್ಗವಾದವರು ಕುಂಡವನ್ನು ಹೊರಬೇಕಾಗಿಲ್ಲ. ಪುಸ್ತಕದ ನಡುವೆ ಒಂದು ಎಲೆ ಇಟ್ಟುಕೊಂಡರೆ ಸಾಕು. ಜರ್ಮನಿಯ ಮಹಾಕವಿ ಗಯಟೆ ಕೂಡ ಈ ಗಿಡವನ್ನು ಬೆಳೆಸಿ, ಸ್ನೇಹಿತರಿಗೆ ಎಲೆಗಳನ್ನು ಕಳುಹಿಸುತ್ತಿದ್ದನು.

ಇದರ ಒಂದು ಗುಟ್ಟನ್ನು ಮೊದಲು ಗಮನಿಸಿದವರಲ್ಲಿ ಬೆಂಜಮಿನ್ ಹೈನೆ ಎಂಬಾತನು ಮುಖ್ಯನು. ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞನೀತ. ಈ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಆತನು ಬರೆದ ಪತ್ರ 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕಾರಣ ತಿಳಿದದ್ದು ಬಹಳ ಕಾಲದ ಮೇಲೆ. ಸಾಮಾನ್ಯವಾಗಿ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಆಗ ನೀರೂ ಆವಿಯಾಗಿ ಹೋಗುತ್ತದೆ. ಕಾಡುಬಸಳೆ ಜಾಣ ಗಿಡ. ರಾತ್ರಿಯ ತಂಪಿನಲ್ಲಿ ಬಾಗಿಲು ತೆರೆದು, ಒಳಬಂದ ಅನಿಲವನ್ನು ಹುಳಿಯ ರೂಪದಲ್ಲಿ ಕೂಡಿಡುತ್ತದೆ. ಹಗಲು ಬಾಗಿಲು ಮುಚ್ಚಿ, ಬಿಸಿಲಿನ ನೆರವಿನಿಂದ ಆ ಹುಳಿಯನ್ನು ಕರಗಿಸಿ ಆಹಾರ ಮಾಡಿಕೊಳ್ಳುತ್ತದೆ.

ನೀರನ್ನು ಇಷ್ಟು ಬಿಗಿಯಾಗಿ ಉಳಿಸುವ ಗಿಡಕ್ಕೆ ನಾವಿರುವ ಸೀಮೆಯಲ್ಲಿ ಬಾಯಾರಿಕೆಯ ಭಯವಿಲ್ಲ, ಕೊಳೆಯುವ ಭಯವೇ ಹೆಚ್ಚು. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ತಿರುವನಂತಪುರದಲ್ಲಿ ಸುಮಾರು 1800. ಜೂನ್ ತಿಂಗಳ ಮಳೆ ನಿಂತಿತೆನ್ನುವಷ್ಟರಲ್ಲಿ ಅಕ್ಟೋಬರಿನ ತುಲಾವರ್ಷ ಬರುತ್ತದೆ. ಆದುದರಿಂದ ಕುಂಡದ ಅಡಿಯಲ್ಲಿ ತೂತು ಇರಲೇಬೇಕು. ಮಣ್ಣಿಗೆ ಸಮಪಾಲು ಮರಳನ್ನೋ ಇಟ್ಟಿಗೆಯ ಚೂರನ್ನೋ ಬೆರೆಸಿ, ಕುಂಡವನ್ನು ಸೂರಿನ ಕೆಳಗೆ, ಬೆಳಗಿನ ಬಿಸಿಲು ಬೀಳುವಲ್ಲಿ ಇಡಿರಿ. ಮಣ್ಣಿನಲ್ಲಿ ಬೆರಳೂರಿ ನೋಡಿ, ಒಣಗಿದ್ದರೆ ಮಾತ್ರ ನೀರು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿರಿ. ಡೆಂಗೆ ಜ್ವರ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಎಲೆ ಹಳದಿಯಾಗಿ, ಕಾಂಡದ ಬುಡ ಮೆತ್ತಗಾದರೆ ಗಿಡ ಉಳಿಯುವುದು ಕಷ್ಟ. ಮೇಲಿನ ಒಳ್ಳೆಯ ಎಲೆಯನ್ನು ಕಿತ್ತು ಹೊಸದಾಗಿ ಆರಂಭಿಸುವುದೇ ಮೇಲು.

ಇನ್ನೊಂದು ಮಾತು. ಮೂತ್ರಪಿಂಡದ ಕಲ್ಲಿಗೆ ಈ ಎಲೆ ರಾಮಬಾಣವೆಂದು ಬಿಡಾರಗಳಲ್ಲಿ ಒಬ್ಬರಿಗೊಬ್ಬರು ಹೇಳಿ ಅಗಿದು ತಿನ್ನುವವರುಂಟು. ಆಸ್ಪತ್ರೆಯ ಖರ್ಚಿಗೂ ರಜೆಗೂ ಅಂಜಿ ಹಾಗೆ ಮಾಡುವುದು ತಿಳಿಯದ ಸಂಗತಿಯಲ್ಲ. ಆದರೆ ಎಲೆಯಲ್ಲಿ ಹೃದಯದ ಬಡಿತವನ್ನು ಕೆಡಿಸಬಲ್ಲ ವಿಷಾಂಶವಿದೆ. ಆಸ್ಟ್ರೇಲಿಯದಲ್ಲಿ ಇದೇ ಕುಲದ ಗಿಡಗಳನ್ನು ಮೇಯ್ದ ದನಗಳು ಸತ್ತಿವೆ. ಹೃದಯದ ಔಷಧಿ ತೆಗೆದುಕೊಳ್ಳುವವರಂತೂ ಇದನ್ನು ಬಾಯಿಗೆ ಹಾಕಲೇಬಾರದು. ಪಕ್ಕೆಯಲ್ಲಿ ನೋವೆದ್ದು ಮೂತ್ರದಲ್ಲಿ ರಕ್ತ ಕಂಡರೆ ಎರ್ನಾಕುಲದ ಜನರಲ್ ಆಸ್ಪತ್ರೆಗೋ ತಿರುವನಂತಪುರದ ಮೆಡಿಕಲ್ ಕಾಲೇಜಿಗೋ ಅಂದೇ ಹೋಗಿರಿ. ಎರಡೂ ಸರಕಾರದವು.