ಹಳೇ ಅಂಬಾಸಿಡರ್‌ಗೆ ಉಳಿ ಏಟು ಬೇಡ

ಉದ್ಯಾವರದ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಅಂಬಾಸಿಡರ್‌ನ ಡಿಫರೆನ್ಷಿಯಲ್ ಸುಲಭಕ್ಕೆ ಕದಲುವುದಿಲ್ಲ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬರೀ ಜಾಕ್ ನಂಬಿ ಗಾಡಿಯಡಿ ನುಸುಳಬೇಡಿ, ಸ್ಟ್ಯಾಂಡ್ ಕೊಡಿ. ಆಯಿಲ್ ಇಳಿಸಿ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಎರಡೂ ಆಕ್ಸಲ್ ಶಾಫ್ಟ್ ಹೊರಗೆಳೆಯಿರಿ. ಎಷ್ಟೋ ಸಲ ಜಾಮ್ ಆಗಿರುವುದು ಡಿಫರೆನ್ಷಿಯಲ್ ಅಲ್ಲ, ಪೂರ್ತಿ ಹೊರಬರದ ಶಾಫ್ಟು! ಆಮೇಲೂ ಪ್ಯಾಕಿಂಗ್ ಕಚ್ಚಿಕೊಂಡಿದ್ದರೆ ಸಂದಿಗೆ ಉಳಿ ತೂರಿಸಬೇಡಿ. ಕೂಡುವ ಮುಖಕ್ಕೆ ಗೀರು ಬಿದ್ದರೆ ಆಯಿಲ್ ಸೋರುವುದು ನಿಲ್ಲದು. ಈ ಗಾಡಿಯ ತಯಾರಿಕೆ 2014ರಲ್ಲೇ ನಿಂತಿದೆ, ಹೊಸ ಹೌಸಿಂಗ್ ಹುಡುಕಿ ಸುಸ್ತಾಗುತ್ತೀರಿ. ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ ಬಡಿಯಿರಿ. ಗ್ಯಾಸ್ ಬೆಂಕಿಯಂತೂ ಬೇಡವೇ ಬೇಡ, ಇಂಧನದ ಟ್ಯಾಂಕ್ ಹಿಂದೆಯೇ ಇದೆ. ಎರಡು ನಟ್ಟು ಮಾತ್ರ ಸ್ಟಡ್ಡಿನ ತುದಿಯಲ್ಲೇ ಇರಲಿ. ಇಲ್ಲದಿದ್ದರೆ ಬಿಟ್ಟುಕೊಂಡ ಕೂಡಲೇ ಡಿಫರೆನ್ಷಿಯಲ್ ಮುಂದಕ್ಕೆ ಜಾರಿ ಎದೆಯ ಮೇಲೆ ಬಿದ್ದೀತು.